‘ಹೆಚ್ಚಿದೆ’ ಎಂಬ ಗುಂಡಿ

ನಾನು ಕೆಲಸ ಮಾಡುವ ಕಚೇರಿ ದೆಹಲಿಯ ಓಖ್ಲಾದಲ್ಲಿ ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿದೆ. ಕೆಳಗೆ ಯಂತ್ರ ಓಡುತ್ತಿದ್ದರೆ ಮೇಲೆ ನಮ್ಮ ಟೀ ಲೋಟಗಳು ಸಣ್ಣಗೆ ನಡುಗುತ್ತಿರುತ್ತವೆ. ಇಪ್ಪತ್ತು ವರ್ಷಗಳ ಹಿಂದೆ ಆ ಕೆಳಗಿನ ಮಹಡಿಗೇ ನಾನು ಕನ್ನಡದ ಕರಡು ತಿದ್ದಲು ಸೇರಿದವಳು. ಆಗ ತಿದ್ದುತ್ತಿದ್ದದ್ದು ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ಚೀಟಿ, ಗ್ಯಾಸ್ ಒಲೆ ಹಚ್ಚುವ ವಿಧಾನ, ಇಂಥವು. ಈಗ ಅದೇ ಮಾತುಗಳೆಲ್ಲ ಮೊಬೈಲಿಗೆ ಹೋಗಿವೆ, ನಾನೂ ಒಂದು ಮಹಡಿ ಮೇಲೆ ಬಂದಿದ್ದೇನೆ. ಆ್ಯಪ್‌ಗಳಿಗೆ ಕನ್ನಡ ಬರೆದುಕೊಡುವುದು ನನ್ನ ಕೆಲಸ. ಇಷ್ಟು ವರ್ಷ ತಪ್ಪು ಹುಡುಕಿ ಹುಡುಕಿ ನನಗೊಂದು ಸ್ವಭಾವ ಅಂಟಿಕೊಂಡಿದೆ. ಯಾರು ಏನು ಹೇಳಿದರೂ ನನಗೆ ಮೊದಲು ಅದರಲ್ಲಿನ ತಪ್ಪು ಕಾಣುತ್ತದೆ, ಆಮೇಲೆ ಹೇಳಿದ ಮನುಷ್ಯರು ಕಾಣುತ್ತಾರೆ. ನನ್ನ ಗಂಡನನ್ನು ಕೇಳಿದರೆ ಇದಕ್ಕೆ ಇನ್ನೂ ಖಾರವಾದ ವರ್ಣನೆ ಸಿಗುತ್ತದೆ.

ನನ್ನ ಪಕ್ಕದ ಮೇಜಿನಲ್ಲಿ ನಮ್ಮ ಡಿಸೈನರ್ ಕೂರುತ್ತಾಳೆ. ಬಿಹಾರದವಳು, ವಯಸ್ಸು ಮೂವತ್ತೈದರ ಹತ್ತಿರ, ನನ್ನನ್ನು ದೀದಿ ಎನ್ನುತ್ತಾಳೆ. ಕನ್ನಡದಲ್ಲಿ ಅವಳಿಗೆ ಬರುವುದು ‘ಸಾಕು’ ಮತ್ತು ‘ಊಟ ಆಯ್ತಾ’ ಎರಡೇ, ಅವನ್ನೂ ಕಲಿಸಿದವಳು ನಾನೇ. ಈ ಬರಹ ಅವಳನ್ನು ಹೊಗಳುವುದಕ್ಕೆಂದೇ ಬರೆಯುತ್ತಿದ್ದೇನೆ. ನಾನು ಸುಲಭವಾಗಿ ಯಾರನ್ನೂ ಹೊಗಳುವವಳಲ್ಲ ಎಂಬುದು ಓಖ್ಲಾದ ಆ ಗಲ್ಲಿಯಲ್ಲಿ ಚಹಾ ಮಾರುವ ಭಯ್ಯಾನಿಗೂ ಗೊತ್ತು.

ಅವಳು ಮಾಡುವ ಕೆಲಸವನ್ನು ಮೊದಮೊದಲು ನಾನು ‘ಸುಳ್ಳು ಆ್ಯಪ್’ ಎಂದು ಕರೆದು ಗೇಲಿ ಮಾಡುತ್ತಿದ್ದೆ. ಅವರ ಭಾಷೆಯಲ್ಲಿ ಅದು ಪ್ರೊಟೊಟೈಪ್. ಅವಳು ಕೆಳಗಿನ ಮುದ್ರಣಾಲಯದಲ್ಲಿ ಉಳಿದ ದಪ್ಪ ರಟ್ಟನ್ನು ತಂದು ಮೊಬೈಲಿನ ಅಳತೆಗೆ ಕತ್ತರಿಸುತ್ತಾಳೆ. ಅದರ ನಡುವೆ ಎರಡು ಸೀಳು ಮಾಡಿ, ಪೆನ್ಸಿಲಿನಲ್ಲಿ ಬರೆದ ಉದ್ದನೆ ಕಾಗದದ ಪಟ್ಟಿಯನ್ನು ತೂರಿಸಿ ಎಳೆಯುತ್ತಾಳೆ. ಎಳೆದಂತೆ ಪರದೆ ಬದಲಾಗುತ್ತದೆ. ಅದನ್ನು ಹತ್ತು ಜನರ ಕೈಗೆ ಕೊಟ್ಟು, ಅವರು ಎಲ್ಲೆಲ್ಲಿ ತಡವರಿಸಿದರು ಎಂದು ನೋಡಿ, ಹರಿದು, ಮತ್ತೆ ಬರೆಯುತ್ತಾಳೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಪರದೆ ಬಿಡಿಸಿ, ಈ ಗುಂಡಿ ಒತ್ತಿದರೆ ಆ ಪರದೆಗೆ ಹೋಗಬೇಕು ಎಂದು ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತಾಳೆ. ಕೊನೆಗೆ ಅದನ್ನು ಫೋನಿನಲ್ಲಿ ತೆರೆದರೆ ಥೇಟ್ ಆ್ಯಪ್. ಒತ್ತಿದರೆ ಸರಿಯುತ್ತದೆ, ಕೇಳುತ್ತದೆ, ಉತ್ತರ ಕೊಡುತ್ತದೆ. ಒಳಗೆ ಮಾತ್ರ ಏನೂ ಇಲ್ಲ. ಔಷಧಿ ಬೇಕೆಂದು ಒತ್ತಿದರೆ ‘ಕಳುಹಿಸುತ್ತೇವೆ’ ಎಂದು ಬರುತ್ತದೆಯೇ ಹೊರತು ಯಾರೂ ಏನೂ ಕಳುಹಿಸುವುದಿಲ್ಲ.

ಇಷ್ಟೊಂದು ಕಷ್ಟಪಟ್ಟು ಸುಳ್ಳು ಹೇಳುವುದೇಕೆ ಎಂದು ಒಮ್ಮೆ ಕೇಳಿದ್ದೆ. ಅವಳು ನನ್ನನ್ನು ಕಿಟಕಿಗೆ ಕರೆದುಕೊಂಡು ಹೋದಳು. ಎದುರಿನ ಕಟ್ಟಡದಲ್ಲಿ ರಫ್ತಿನ ಬಟ್ಟೆ ಹೊಲಿಯುತ್ತಾರೆ. ಅಲ್ಲಿನ ಮಾಸ್ಟರ್‌ಜಿ ಒಂದು ಬೊಂಬೆಗೆ ತೊಡಿಸಿದ ಸ್ಯಾಂಪಲ್ ಕುರ್ತಾದ ತೋಳನ್ನು ಬಿಚ್ಚುತ್ತಿದ್ದರು. ಬೆಳಿಗ್ಗೆಯಿಂದ ಮೂರನೇ ಸಲ ಬಿಚ್ಚುತ್ತಿದ್ದಾರೆ, ಮುಖದಲ್ಲಿ ಬೇಜಾರಿದೆಯಾ ನೋಡಿ ದೀದಿ, ಎಂದಳು. ಇರಲಿಲ್ಲ. ಸಾವಿರ ಕುರ್ತಾ ಹೊಲಿದ ಮೇಲೆ ಬಿಚ್ಚುವುದಕ್ಕಿಂತ ಇದೇ ವಾಸಿ ಎಂದು ಅವರ ಕೈಗೆ ಗೊತ್ತು, ನಮ್ಮವರಿಗೆ ಇನ್ನೂ ಗೊತ್ತಾಗಿಲ್ಲ, ಎಂದು ಹೇಳಿ ಹೋಗಿ ತನ್ನ ರಟ್ಟು ಕತ್ತರಿಸಲು ಕೂತಳು. ಅವತ್ತಿನಿಂದ ನಾನು ಗೇಲಿಯನ್ನು ಸ್ವಲ್ಪ ಕಡಿಮೆ ಮಾಡಿದೆ, ಪೂರ್ತಿ ಬಿಡಲಿಲ್ಲ.

ಕಳೆದ ಫೆಬ್ರವರಿಯಲ್ಲಿ ನಮಗೊಂದು ಕೆಲಸ ಬಂತು. ನಿವೃತ್ತ ಸೈನಿಕರ ಕುಟುಂಬಗಳಿಗೆ ದವಾಖಾನೆ ನಡೆಸುವ ಒಂದು ಟ್ರಸ್ಟು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ ತಿಂಗಳು ತಿಂಗಳು ಮನೆಗೇ ಗುಳಿಗೆ ಕಳುಹಿಸುವ ಆ್ಯಪ್ ಮಾಡಿಸುತ್ತಿತ್ತು. ಹಿಂದಿಯ ಜೊತೆಗೆ ಕನ್ನಡವೂ ಸೇರಿ ಕೆಲವು ಭಾಷೆಗಳಲ್ಲಿ ಬೇಕಿತ್ತು. ತಿಂಗಳ ಕೊನೆಗೆ ಫೋನು ಒಂದೊಂದೇ ಗುಳಿಗೆಯ ಚಿತ್ರ ತೋರಿಸಿ ಕೇಳುತ್ತದೆ, ಕೆಳಗೆ ಮೂರು ಗುಂಡಿಗಳಿರುತ್ತವೆ. ಬೇಕಾದಷ್ಟಿದೆ, ಬೇಕಾದ್ದಕ್ಕಿಂತ ಜಾಸ್ತಿ ಉಳಿದಿದೆ, ಖಾಲಿಯಾಗಿದೆ. ನಡುವಿನ ಗುಂಡಿ ಟ್ರಸ್ಟಿನವರ ಒತ್ತಾಯ. ವಯಸ್ಸಾದವರ ಮನೆಗಳಲ್ಲಿ ಹಳೇ ಗುಳಿಗೆ ರಾಶಿ ಬಿದ್ದು ಅವಧಿ ಮೀರುತ್ತದೆ, ಉಳಿದಿದ್ದರೆ ಆ ತಿಂಗಳು ಕಳುಹಿಸಬಾರದು ಎಂಬುದು ಅವರ ಲೆಕ್ಕ.

ಆ ನಡುವಿನ ಗುಂಡಿಗೆ ಯಾರೋ ‘ಹೆಚ್ಚುವರಿ ದಾಸ್ತಾನು ಲಭ್ಯವಿದೆ’ ಎಂದು ಬರೆದು ಕಳುಹಿಸಿದ್ದರು. ಓದಿ ನನಗೆ ಮೈಯೆಲ್ಲ ಉರಿಯಿತು. ಅದೇನು ಗುಳಿಗೆಯೋ ಉಗ್ರಾಣದ ಗೋಧಿಯೋ? ಹೊಡೆದುಹಾಕಿ ಒಂದೇ ಮಾತು ಬರೆದೆ: ‘ಹೆಚ್ಚಿದೆ’. ಸಣ್ಣ ಗುಂಡಿಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಅದರ ಎಡಕ್ಕೆ ‘ಸಾಕಷ್ಟಿದೆ’, ಬಲಕ್ಕೆ ‘ಮುಗಿದಿದೆ’. ಕನ್ನಡ ಎಂದರೆ ಹೀಗಿರಬೇಕು ಎಂದು ಕಚೇರಿಗೆಲ್ಲ ಕೇಳುವಂತೆ ಹೇಳಿದೆ. ನಮ್ಮಲ್ಲಿ ಗುಂಡಿ ಎಂದರೆ ಬಟನ್ನೂ ಹೌದು, ಕಾಲು ಜಾರಿ ಬೀಳುವ ತಗ್ಗೂ ಹೌದು ಎಂದು ಅವಳಿಗೆ ವಿವರಿಸಿ ನಕ್ಕಿದ್ದೆ. ನಾನೇ ಬೀಳುತ್ತೇನೆಂದು ಆಗ ಗೊತ್ತಿರಲಿಲ್ಲ.

ಪ್ರೊಟೊಟೈಪನ್ನು ಕನ್ನಡದವರ ಕೈಯಲ್ಲಿ ಒತ್ತಿಸಿ ನೋಡಬೇಕಿತ್ತು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನನಗೆ ಪರಿಚಯವಾಗಿದ್ದ ಒಂದು ದಂಪತಿ ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿದ್ದಾರೆ. ಹಾಸನದ ಕಡೆಯವರು. ಗಂಡ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಎಪ್ಪತ್ತೆಂಟು ವರ್ಷ. ಹೆಂಡತಿಗೆ ಎಪ್ಪತ್ತು ದಾಟಿದೆ, ಮಂಡಿನೋವಿನಿಂದ ಎರಡು ವರ್ಷಗಳಿಂದ ಕೆಳಗಿಳಿದು ಅಂಗಡಿಗೆ ಹೋಗುವುದು ನಿಂತಿದೆ. ಒಬ್ಬಳೇ ಮಗಳು ಪಕ್ಕದ ಟವರಿನಲ್ಲೇ ಇದ್ದಾಳೆ, ನೋಯ್ಡಾದಲ್ಲಿ ಕೆಲಸ. ತಿಂಗಳ ಮೊದಲಿಗೆ ತಾನೇ ಲೆಕ್ಕ ಹಾಕಿ ಸಾಮಾನು, ಔಷಧಿ ಎಲ್ಲ ತರಿಸಿಕೊಡುವವಳು ಅವಳೇ. ಕಂಟೋನ್ಮೆಂಟುಗಳಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಹಿಂದಿ ಮೊದಲು ಬರುತ್ತದೆ.

ನಾನು ಫೋನು ಮಾಡಿ ವಿಷಯ ಹೇಳಿದಾಗ ಮಗಳು ಒಂದೇ ಉಸಿರಿಗೆ ಎಲ್ಲ ಹೇಳಿಕೊಂಡಳು. ನವೆಂಬರಿನಲ್ಲಿ ಅಪ್ಪ ಬಾತ್‌ರೂಮಿನಲ್ಲಿ ತಲೆ ತಿರುಗಿ ಬಿದ್ದು ಹಣೆಗೆ ಏಳು ಹೊಲಿಗೆ ಬಿದ್ದವಂತೆ. ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. ಗುಳಿಗೆ ನಾಲ್ಕು ದಿನದಿಂದ ಹೊಟ್ಟೆಗೇ ಹೋಗಿಲ್ಲ. ಅವಳು ಆ ವಾರ ಎರಡು ಸಲ ಅಮ್ಮನನ್ನು ಕೇಳಿದ್ದಳಂತೆ, ಎರಡು ಸಲವೂ ಬೇಕಾದಷ್ಟಿದೆ ಎಂದೇ ಅಮ್ಮ ಹೇಳಿದ್ದರಂತೆ. ಮನೆಗೆ ಬಂದು ಡಬ್ಬಿ ತೆರೆದರೆ ಖಾಲಿ.

“ಆಂಟಿ, ಅಮ್ಮಂಗೆ ಭೂಲ್‌ನೇ ಕಿ ಬೀಮಾರಿ ಶುರುವಾಗಿದೆ. ಅವರೇ ಒಪ್ಕೊಂಡ್ರು, ನಾನೇ ಮರ್ತೆ ಅಂತ. ಒಂದನೇ ತಾರೀಖಿಂದ ಒಬ್ಬ ಅಟೆಂಡೆಂಟ್ ಬರ್ತಾಳೆ. ಪಪ್ಪಾನ ದವಾಯಿ, ಕಿಚನ್, ಸಬ್ ಕುಛ್ ಅವಳೇ ನೋಡ್ಕೊಳ್ಳೋದು. ಅದಕ್ಕೇ ಅಮ್ಮ ಮೂರು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ. ನಿಮ್ಮ ಈ ಆ್ಯಪ್ ಅಮ್ಮ ಅಕೇಲಿ, ಒಬ್ಬರೇ ಚಲಾಯಿಸಿದ್ರೆ ನಾನು ಅವಳಿಗೆ ಬರಬೇಡ ಅಂತೀನಿ. ಪ್ರಾಮಿಸ್.”

ಹೀಗೆ, ನಾವು ಗುಂಡಿ ಪರೀಕ್ಷೆ ಮಾಡಲು ಹೊರಟರೆ ಅಲ್ಲಿ ಒಬ್ಬ ಹೆಂಗಸಿನ ಅಡುಗೆಮನೆಯೇ ಪರೀಕ್ಷೆಗೆ ನಿಂತಿತ್ತು. ಗಂಡನಿಗೆ ವರ್ಗವಾದಲ್ಲೆಲ್ಲ ಒಲೆ ಹೂಡಿ ಐವತ್ತು ವರ್ಷ ಸಂಸಾರ ನಡೆಸಿದವರ ಕೈಯಿಂದ ಗಂಡನ ಗುಳಿಗೆಯ ಡಬ್ಬಿಯನ್ನು ಕಿತ್ತುಕೊಳ್ಳುವುದೆಂದರೆ ಏನೆಂದು ನನಗೆ ಅರ್ಥವಾಗುತ್ತಿತ್ತು. ಹಿಂದಿಯಲ್ಲಿ ಡಿಸೈನರಿಗೂ ಹೇಳಿದೆ. ಅವಳು ಹಾಗಾದರೆ ಅಲ್ಲಿ ನಾವು ಬಾಯಿ ಬಿಡಲೇಬಾರದು ದೀದಿ, ಎಂದಳು. ಅವಳ ಪದ್ಧತಿಯೇ ಅದು. ಪರೀಕ್ಷೆಯ ಹೊತ್ತಿನಲ್ಲಿ ಹೇಳಿಕೊಡುವುದಿಲ್ಲ, ಹುಬ್ಬು ಹಾರಿಸುವುದಿಲ್ಲ, ‘ಅಲ್ಲ’ ಎನ್ನುವುದಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ಅವರು ಮಾಡಿದ್ದು, ಬಲಪುಟದಲ್ಲಿ ತನಗೆ ಅನ್ನಿಸಿದ್ದು. ‘ತಪ್ಪು’ ಎಂಬ ಮಾತನ್ನು ಅವಳು ಎರಡೂ ಕಡೆ ಬರೆಯುವುದಿಲ್ಲ. ಇಪ್ಪತ್ತು ವರ್ಷ ಕೆಂಪು ಪೆನ್ನು ಹಿಡಿದವಳಿಗೆ ಇದು ಸನ್ಯಾಸ ತೆಗೆದುಕೊಂಡಷ್ಟೇ ಕಷ್ಟ.

ಶನಿವಾರ ಮಧ್ಯಾಹ್ನ ಹೋದೆವು. ಸುಬೇದಾರರು ಬಾಲ್ಕನಿಯ ಬಿಸಿಲಿನಲ್ಲಿ ಪೇಪರ್ ಓದುತ್ತಿದ್ದರು, ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಗುಲಾಬಿಯಾಗಿತ್ತು. ಆ ನಾಲ್ಕು ದಿನ ಗುಳಿಗೆ ಬರಲಿಲ್ಲವೆಂದು ನೀವಾದರೂ ಕೇಳಬಾರದಿತ್ತೇ ಎಂದು ನಾನು ಬಾಯಿ ತಪ್ಪಿ ಕೇಳಿಬಿಟ್ಟೆ. ಎಂಟು ಗಂಟೆಗೆ ಅಂಗೈಯಲ್ಲಿ ಇಟ್ಟಿದ್ದನ್ನು ನುಂಗುವುದಷ್ಟೇ ನನ್ನ ಡ್ಯೂಟಿ, ಇಡದಿದ್ದರೆ ಡಾಕ್ಟರು ನಿಲ್ಲಿಸಿರಬೇಕು ಎಂದುಕೊಂಡೆ, ಎಂದು ಅವರು ಶಾಂತವಾಗಿ ಹೇಳಿದರು. ಆಕೆ ಆ ಮಾತಿಗೆ ತಲೆ ತಗ್ಗಿಸಿ ಕಾಫಿ ಲೋಟಗಳನ್ನು ಸರಿಮಾಡುತ್ತ ನಿಂತರು. ಮನೆ ಕನ್ನಡಿಯಂತಿತ್ತು. ಒಂದೊಂದು ಡಬ್ಬಿಯೂ ಸಾಲಾಗಿ, ಮುಚ್ಚಳ ಬಿಗಿಯಾಗಿ. ಮರೆವಿನವರ ಅಡುಗೆಮನೆ ಹೀಗಿರುತ್ತದೆಯೇ ಎಂದು ಒಂದು ಕ್ಷಣ ಅನ್ನಿಸಿತು, ಆದರೆ ಅಲ್ಲಿಗೇ ಬಿಟ್ಟೆ.

ಮಗಳು ಅಪ್ಪನ ಗುಳಿಗೆಯ ಮೂರು ಸ್ಟ್ರಿಪ್ ತಂದು ಮೇಜಿನ ಮೇಲಿಟ್ಟಳು. ಒಂದು ತುಂಬಿದ್ದು, ಒಂದು ಅರ್ಧ ಆಗಿದ್ದು, ಒಂದು ಪೂರ್ತಿ ಖಾಲಿ. ಖಾಲಿಯದು ಅದೇ ಬಿ.ಪಿ. ಗುಳಿಗೆಯದು. ಡಿಸೈನರ್ ತನ್ನ ಫೋನಿನಲ್ಲಿ ಪ್ರೊಟೊಟೈಪ್ ತೆರೆದು ಆಕೆಯ ಕೈಗೆ ಕೊಟ್ಟು, ಬೇರೆ ಮಾತಿಲ್ಲದೆ ನೆಲದ ಮೇಲೆ ಕೂತಳು. ಕೆಳಗೆ ಕೂತರೆ ಕೈ ಚೆನ್ನಾಗಿ ಕಾಣುತ್ತದೆ ಎನ್ನುತ್ತಾಳೆ ಅವಳು. ಆಕೆ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಮೊದಲ ಗುಳಿಗೆ: ಸಾಕಷ್ಟಿದೆ. ಎರಡನೆಯದು: ಸಾಕಷ್ಟಿದೆ. ಮೂರನೆಯದಕ್ಕೆ ಖಾಲಿ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಒಂದೊಂದು ಗುಳಿಯನ್ನೂ ಮುಟ್ಟಿ ನೋಡಿದರು. ಆಮೇಲೆ ಫೋನು ತೆಗೆದುಕೊಂಡು ‘ಹೆಚ್ಚಿದೆ’ ಒತ್ತಿದರು. ‘ಸರಿ, ಈ ತಿಂಗಳು ಈ ಗುಳಿಗೆ ಕಳುಹಿಸುವುದಿಲ್ಲ’ ಎಂದು ಪರದೆಯ ಮೇಲೆ ಬಂತು. ಅದನ್ನು ಓದುವ ಮೊದಲೇ ಆಕೆ ಫೋನನ್ನು ಮೇಜಿನ ಮೇಲಿಟ್ಟು, ಆಯ್ತಲ್ಲ ಎನ್ನುವ ಸಮಾಧಾನದಿಂದ ಮಗಳ ಕಡೆ ನೋಡಿದರು.

ಮಗಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಲ್ಲಿಂದಲೇ ನನ್ನ ಕಡೆ ತಿರುಗಿ, ನೋಡಿದ್ರಲ್ಲ ಆಂಟಿ, ಎಂದಳು. ತಾಯಿಯ ಮುಖದ ಮೇಲಿನ ಸಮಾಧಾನ ನಿಧಾನವಾಗಿ ಇಳಿದದ್ದನ್ನು ನಾನು ನೋಡಿದೆ. ಏನು ತಪ್ಪಾಯಿತೆಂದು ಅವರಿಗೆ ತಿಳಿಯಲಿಲ್ಲ, ಏನೋ ತಪ್ಪಾಗಿದೆ ಎಂದು ಮಾತ್ರ ತಿಳಿಯಿತು. ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ‘ಮೂರನೆಯದಕ್ಕೆ ತಪ್ಪು ಗುಂಡಿ ಒತ್ತಿದರು.’

ಕೆಳಗಿಳಿದು ಸೊಸೈಟಿಯ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂತೆವು. ಪಾಪ, ವಯಸ್ಸಾಯಿತು, ಏನು ಮಾಡುವುದು, ಎಂದೆ ನಾನು. ಡಿಸೈನರ್ ನನ್ನ ಪುಸ್ತಕ ಇಸಿದುಕೊಂಡು ಆ ಸಾಲನ್ನು ತೋರಿಸಿ ಏನೆಂದು ಕೇಳಿದಳು. ಹೇಳಿದೆ. ಅವಳು ಅಲ್ಲವೆಂಬಂತೆ ತಲೆಯಾಡಿಸಿದಳು.

“ದೀದಿ, ಮರೆತವರ ಕೈ ಮೊದಲು ನಿಲ್ಲುತ್ತೆ, ಹುಡುಕುತ್ತೆ. ಇವರ ಕೈ ಒಂದು ಸಲವೂ ನಿಲ್ಲಲಿಲ್ಲ. ‘ಮುಗಿದಿದೆ’ ಗುಂಡಿಯ ಹತ್ತಿರ ಹೋಗಿ, ಅದರಿಂದ ಪಕ್ಕಕ್ಕೆ ಸರಿದು ಒತ್ತಿದರು. ಅವರು ಬೇಕೆಂದೇ ಒತ್ತಿದ್ದು. ನಿಮ್ಮ ಆ ನಡುವಿನ ಶಬ್ದದಲ್ಲಿ ಏನೋ ಇದೆ.”

ನನಗೆ ಸಿಟ್ಟು ಬಂತು. ನನ್ನ ಶಬ್ದದಲ್ಲಿ ಏನಿದೆ? ಕನ್ನಡದ ಗಂಧ ಗೊತ್ತಿಲ್ಲದವಳು ನನಗೆ ಹೇಳಿಕೊಡುತ್ತಾಳೆ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಅವಳು ಅದನ್ನು ಗಮನಿಸುವ ಸ್ಥಿತಿಯಲ್ಲೇ ಇರಲಿಲ್ಲ. ಗೇಟಿನಾಚೆ ಕಿರಾಣಿ ಅಂಗಡಿಗೆ ಹೋಗಿ, ಭಯ್ಯಾನನ್ನು ಒಪ್ಪಿಸಿ ಫೋನಿನಲ್ಲಿ ಐದು ಫೋಟೋ ತೆಗೆದುಕೊಂಡು ಬಂದಳು. ಅಕ್ಕಿ, ಶೂ ಪಾಲಿಶ್, ಕುಂಕುಮ, ಫಿನಾಯಿಲ್, ಉಪ್ಪು. ಗುಳಿಗೆಗೆ ಮಾತ್ರ ಹೀಗೆ ಒತ್ತುತ್ತಾರಾ, ಮನೆಯ ಎಲ್ಲ ವಸ್ತುವಿಗೂ ಹೀಗೇನಾ ನೋಡೋಣ, ಎಂದಳು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಗುಳಿಗೆಯ ಚಿತ್ರ ಕಿತ್ತು ಇವನ್ನು ಕೂರಿಸಿದಳು. ಕೊನೆಗೆ ಮತ್ತೆ ಆ ಬಿ.ಪಿ. ಗುಳಿಗೆ. ಕೆಳಗೆ ಅದೇ ಮೂರು ಗುಂಡಿ. ವಾರಗಟ್ಟಲೆ ಕೂತು ಮಾಡಿದ ಪರದೆಗಳನ್ನು ಅರ್ಧ ಗಂಟೆಯಲ್ಲಿ ಬಿಚ್ಚಿ ಬೇರೆಯದೇ ಒಂದು ಪ್ರಶ್ನೆ ಹೊಲಿದಳು. ಗುರುವಾರ ಟ್ರಸ್ಟಿನವರಿಗೆ ತೋರಿಸುವುದಿದೆ, ಇದೆಲ್ಲ ಈಗ ಬೇಕಾ, ಎಂದೆ. ಇದು ಸುಳ್ಳು ಆ್ಯಪ್ ತಾನೇ ದೀದಿ, ಬಿಚ್ಚಿದರೆ ಯಾರಿಗೂ ಏನೂ ಆಗುವುದಿಲ್ಲ, ಎಂದಳು ತಲೆ ಎತ್ತದೆ. ನನ್ನ ಗೇಲಿಯನ್ನು ನನಗೇ ಬಡಿಸಿದಳು, ಅದೂ ನಗದೆ.

ಮತ್ತೆ ಹನ್ನೊಂದನೇ ಮಹಡಿಗೆ ಹೋದೆವು. ಬಾಗಿಲು ತೆರೆದ ಮಗಳ ಮುಖದಲ್ಲಿ ಆಸೆಯೇನೂ ಇರಲಿಲ್ಲ, ಚಲೋ ಬನ್ನಿ, ಎಂದಳು ಅಷ್ಟೇ. ಆಕೆ ಸೋಫಾದ ತುದಿಯಲ್ಲಿ ಕೂತಿದ್ದರು. ಡಿಸೈನರ್ ನನ್ನ ಮೂಲಕ ಕೇಳಿಸಿದ್ದು ಇಷ್ಟೇ: ಚಿತ್ರದಲ್ಲಿರುವ ಯಾವ ವಸ್ತುವೂ ಮನೆಯಲ್ಲಿ ಇಲ್ಲ ಎಂದುಕೊಳ್ಳಬೇಕು, ಒಂದೊಂದಕ್ಕೂ ಗುಂಡಿ ಒತ್ತಬೇಕು. ನಾನು ಕನ್ನಡದಲ್ಲಿ ಹೇಳಿದೆ, “ಈಗ ಮನೇಲಿ ಅಕ್ಕಿ ಖಾಲಿಯಾಗಿದೆ ಅಂದ್ಕೊಳ್ಳಿ ಅಮ್ಮ.”

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಬಿಡ್ತು ಅನ್ನಿ ಮೊದಲು,” ಎಂದರು.

“ಬಿಡ್ತು,” ಎಂದೆ. ಐವತ್ತೆರಡು ವರ್ಷದ ನಾನು, ಶಾಲೆಯ ಹುಡುಗಿಯ ಹಾಗೆ, ಯೋಚಿಸದೆ. ನನ್ನ ಅಜ್ಜಿ ಎಷ್ಟು ಸಲ ಹಾಗೆ ಅನ್ನಿಸಿದ್ದರೋ. ಅಪಶಕುನದ ಮಾತು ಬಾಯಿಂದ ಬಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು ಅದು. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣು ಆ ನಡುವಿನ ಗುಂಡಿಗೆ ಹೋಯಿತು. ಆಕೆಯ ಬೆರಳು ಅಕ್ಕಿಯ ಕೆಳಗೆ ‘ಹೆಚ್ಚಿದೆ’ ಒತ್ತಿತು. ಶೂ ಪಾಲಿಶ್: ಮುಗಿದಿದೆ. ಕುಂಕುಮ: ಹೆಚ್ಚಿದೆ. ಫಿನಾಯಿಲ್: ಮುಗಿದಿದೆ. ಉಪ್ಪು: ಹೆಚ್ಚಿದೆ. ಒಂದೂ ತಪ್ಪಲಿಲ್ಲ, ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಗಂಡನ ಗುಳಿಗೆ: ಹೆಚ್ಚಿದೆ.

ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಅಕ್ಕಿ ತೀರಿದರೆ ನಮ್ಮಜ್ಜಿ ಒಳಗಿನಿಂದ ಕೂಗುತ್ತಿದ್ದದ್ದು ‘ಅಕ್ಕಿ ಹೆಚ್ಚಿದೆ ಕಣೋ, ತಾ’ ಎಂದು. ಮನೆಗೆ ಮಂಗಳವಾದ ವಸ್ತುವನ್ನು ಇಲ್ಲ ಎನ್ನಬಾರದು, ಅಂದರೆ ಇಲ್ಲದಂತೆಯೇ ಆಗುತ್ತದೆ ಎಂಬ ಅಂಜಿಕೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಅಜ್ಜಿಯ ಸೆರಗು ಹಿಡಿದುಕೊಂಡೇ ಕಲಿತದ್ದು. ಆ ಮಾತನ್ನು ತಂದು ನಾನೇ ಗುಂಡಿಯ ಮೇಲೆ ಕೂರಿಸಿ, ಅದು ಒತ್ತಿದರೆ ಔಷಧಿ ಬರದಂತೆ ಮಾಡಿ, ಅಚ್ಚುಕಟ್ಟಾಗಿದೆ ಎಂದು ಬೀಗಿದ್ದೆ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಅವತ್ತು ಆ ಬುಡ ನಾನೇ. ಅಲ್ಲೇ ಹಿಂದಿಯಲ್ಲಿ ಡಿಸೈನರಿಗೂ ಮಗಳಿಗೂ ಎಲ್ಲ ಬಿಡಿಸಿ ಹೇಳಿದೆ, ನನ್ನ ದಡ್ಡತನವನ್ನೂ ಸೇರಿಸಿ.

ಡಿಸೈನರ್ ಗೆದ್ದೆ ಎಂಬಂತೆ ನೋಡಲಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದುಕೊಳ್ಳುತ್ತಲೇ ಇದ್ದಳು. ಅವಳು ಕೊನೆಯಲ್ಲಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಇದನ್ನು ಒತ್ತಿದಾಗ ಏನಾಗುತ್ತದೆ ಎಂದುಕೊಂಡಿರಿ? ಅದನ್ನೇ ಕೇಳಿಸಿದಳು. ಇನ್ನೇನಾಗುತ್ತೆ, ತಂದುಕೊಡ್ತಾರೆ, ಎಂದರು ಆಕೆ. ಹಾಗಾದರೆ ಪಕ್ಕದ ಗುಂಡಿ ಯಾಕೆ ಒತ್ತಲಿಲ್ಲ ಎಂದು ನಾನು ಕೇಳಿದೆ. ಆಕೆ ಬಾಲ್ಕನಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಅವರ ಗುಳಿಗೆ ಮುಗೀತು ಅಂತ ನನ್ನ ಕೈಯಾರೆ ಒತ್ತಲಾ? ಅವರ ಜೀವ ನಿಂತಿರೋದೇ ಅದರ ಮೇಲೆ. ಗಡೀಲಿದ್ದಾಗಲೂ ಅಂಥ ಮಾತು ಬಾಯಲ್ಲಿ ಬರದ ಹಾಗೆ ಕಾದ್ಕೊಂಡಿದೀನಿ ನಾನು.”

ಇದನ್ನು ನಾನು ಹಿಂದಿಗೆ ತಂದೆ. ಡಿಸೈನರ್ ಕೇಳಿಸಿಕೊಂಡು, ಹಾಗಾದರೆ ಆ ಗುಂಡಿಯ ಮೇಲೆ ಏನು ಬರೆದರೆ ನಿಮಗೆ ಒತ್ತಬೇಕೆನ್ನಿಸುತ್ತದೆ, ನೀವೇ ಹೇಳಿ, ಎಂದು ಕೇಳಿದಳು. ಆಕೆ ಹೆಚ್ಚು ಯೋಚಿಸಲಿಲ್ಲ. ‘ತರಬೇಕು’ ಅಂತ ಹಾಕಿ, ಎಂದರು. ನಾನು ಇಪ್ಪತ್ತು ವರ್ಷದ ಅನುಭವದಲ್ಲಿ ತೂಗಿ ನೋಡಿದೆ. ಅದರಲ್ಲಿ ಖಾಲಿಯಿಲ್ಲ, ಕೊನೆಯಿಲ್ಲ, ಮಾಡಬೇಕಾದ ಕೆಲಸ ಮಾತ್ರ ಇದೆ. ನಾನು ಬರೆದದ್ದಕ್ಕಿಂತ ನೂರು ಪಾಲು ಮೇಲು. ಉಳಿದಿದ್ದರೆ ಒತ್ತುವುದಕ್ಕೆ ‘ಸದ್ಯಕ್ಕೆ ಬೇಡ’ ಸಾಕು ಎಂದು ಅದನ್ನೂ ಆಕೆಯೇ ಹೇಳಿದರು. ಡಿಸೈನರ್ ಅಲ್ಲೇ ನೆಲದ ಮೇಲೆ ಕೂತು ನನ್ನಿಂದ ಬರೆಸಿಕೊಂಡು ಗುಂಡಿಗಳನ್ನು ಬದಲಿಸಿದಳು. ಕನ್ನಡ ಬಾರದ ಆ ಹುಡುಗಿ, ಕನ್ನಡ ಬಲ್ಲವಳೆಂದು ಸಂಬಳ ತೆಗೆದುಕೊಳ್ಳುವ ನನಗಿಂತ ಮೊದಲು ಆ ತಾಯಿಯ ಮಾತನ್ನು ಕೇಳಿಸಿಕೊಂಡಿದ್ದಳು. ಆಕೆಗೆ ತಿಳಿಯುತ್ತದೆ, ತಿಳಿಯದಿರುವುದು ನಮಗೆ ಎಂದು ನಂಬಿಯೇ ಅವಳು ಕೆಲಸ ಶುರುಮಾಡುತ್ತಾಳೆ. ನನಗೆ ಅವಳ ಬಗ್ಗೆ ಹುಟ್ಟಿದ್ದು ಗೌರವ, ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ.

ಮಗಳು ಅಷ್ಟು ಹೊತ್ತೂ ನಿಂತೇ ಇದ್ದಳು. ನವೆಂಬರಿನ ಆ ಎರಡು ಫೋನ್ ಕರೆಗಳನ್ನು ಅವಳು ಮನಸ್ಸಿನಲ್ಲೇ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ಬಂದು ಅಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆಗಲೂ ಹೆಚ್ಚಿದೆ ಎಂದೇ ಹೇಳಿದ್ದೆಯಾ ಎಂದು ಕೇಳಿದಳು. ಹೌದಲ್ಲ, ಎರಡು ಸಲ ಹೇಳಿದೆ, ನೀನು ಸರಿ ಅಂದೆ, ಎಂದರು ಆಕೆ. ಇವತ್ತು ತರುತ್ತಾಳೆ, ನಾಳೆ ತರುತ್ತಾಳೆ ಎಂದು ನಾಲ್ಕು ದಿನವೂ ಬಾಗಿಲು ನೋಡುತ್ತಿದ್ದರಂತೆ. ಕೆಲಸದಲ್ಲಿರುವವಳಿಗೆ ಮೂರನೇ ಸಲ ಫೋನು ಮಾಡಲು ಸಂಕೋಚ.

“ಫಿರ್ ಹಾಸ್ಪಿಟಲ್‌ನಲ್ಲಿ ನಾನು ಅಷ್ಟು ಕಿರುಚಿದಾಗ ಯಾಕೆ ಹೇಳ್ಲಿಲ್ಲ ಅಮ್ಮ? ನಾನೇ ಮರ್ತೆ ಅಂತ ಯಾಕೆ ಅಂದೆ?”

ಆಕೆ ಮಗಳ ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದೆ ಸರಿಸಿದರು.

“ನೀನು ಮರ್ತೆ ಅಂತ ನಾನು ಅಂದ್ಕೊಂಡೆ ಕಣೇ. ಅಪ್ಪನ ರಕ್ತ ನೋಡಿ ನೀನು ಗಡಗಡ ನಡುಗ್ತಿದ್ದೆ. ಆ ಹೊತ್ತಲ್ಲಿ ನಿನ್ನಿಂದಾನೇ ಆಯ್ತು ಅಂತ ಹೇಗೆ ಹೇಳಲಿ? ಜೀವನಪೂರ್ತಿ ಕೊರಗ್ತಿದ್ದೆ. ನನಗೆ ವಯಸ್ಸಾಗಿದೆ, ನಾನು ಮರ್ತೆ ಅಂದ್ರೆ ಎಲ್ಲರೂ ನಂಬ್ತಾರೆ.”

ಮಗಳು ತಾಯಿಯ ಮಡಿಲಲ್ಲಿ ಮುಖ ಇಟ್ಟಳು. ಡಿಸೈನರ್ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮಗಳು ಹಾಗೇ ಕೂತು ಫೋನು ತೆಗೆದು ಅಟೆಂಡೆಂಟಿಗೆ ಹಿಂದಿಯಲ್ಲಿ ಒಂದನೇ ತಾರೀಖು ಬರುವುದು ಬೇಡ ಎಂದಳು. ಆ ಕಡೆಯಿಂದ ಯಾಕೆಂದು ಕೇಳಿರಬೇಕು. ನಮ್ಮಮ್ಮನಿಗೆ ಎಲ್ಲ ನೆನಪಿದೆ, ಎಂದು ಹೇಳಿ ಫೋನು ಇಟ್ಟಳು.